ಎಎಫ್‌ಎಂ ಚಿತ್ರದಲ್ಲಿ ಡಿಎನ್‌ಎ ಚಪ್ಪಟೆ, ದ್ರವದಲ್ಲಿ ಮಾಯ: ಹರಿತವಾದ ಪ್ರೋಬ್ ಕೊಂಡರೆ ಸರಿಹೋದೀತೆ?

ಪ್ರಶ್ನೆ: ಹೊಸಗಣ್ಣು

ನಮಸ್ಕಾರ. ನನ್ನ ಓದು ಜೀವರಸಾಯನಶಾಸ್ತ್ರದ್ದು. ಪರಮಾಣು ಬಲ ಸೂಕ್ಷ್ಮದರ್ಶಕವನ್ನು (ಎಎಫ್‌ಎಂ: ಪ್ರೋಬ್ ಎಂಬ ಸೂಜಿಯ ಮೊನೆಯಿಂದ ಮೇಲ್ಮೈಯನ್ನು ತಡವಿ ಚಿತ್ರ ಮೂಡಿಸುವ ಯಂತ್ರ) ಸ್ವತಃ ನಡೆಸಲು ಶುರುಮಾಡಿ ಐದು ತಿಂಗಳಷ್ಟೇ ಆಗಿದೆ. 3,000 ಬೇಸ್ ಜೋಡಿಗಳ ನೇರ ಡಿಎನ್‌ಎ ತುಣುಕನ್ನು ಮೈಕಾ ಎಂಬ ಖನಿಜದ ಹಾಳೆಯ ಮೇಲಿಟ್ಟು ಚಿತ್ರ ತೆಗೆಯುವುದು ನನಗೆ ಕೊಟ್ಟಿರುವ ಮೊದಲ ಕೆಲಸ. ಇದು ಸರಿಯಾಗಿ ಬಂದರೆ, ಮುಂದೆ ಅದೇ ಡಿಎನ್‌ಎಗೆ ಪ್ರೋಟೀನ್ ಬಂದು ಅಂಟಿಕೊಳ್ಳುವುದನ್ನು ದ್ರವದಲ್ಲಿಯೇ ನೋಡಬೇಕೆಂಬ ಯೋಜನೆಯಿದೆ.

ಗಾಳಿಯಲ್ಲಿ ಚಿತ್ರ ಸಿಗುತ್ತಿದೆ. ಟಿಇ ಬಫರಿನಲ್ಲಿರುವ (ಡಿಎನ್‌ಎ ಕಾಪಿಡುವ ದ್ರಾವಣ) ಡಿಎನ್‌ಎಯನ್ನು, 10 ಮಿಲಿಮೋಲಾರ್ ಹೆಪೆಸ್ (ಆಮ್ಲತೆಯನ್ನು ಸ್ಥಿರವಾಗಿಡುವ ಬಫರ್) ಮತ್ತು 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ ದ್ರಾವಣದಲ್ಲಿ ನೂರು ಪಟ್ಟು ತೆಳುಮಾಡಿ, ಆಗಷ್ಟೇ ಸೀಳಿದ ಮೈಕಾದ ಮೇಲೆ ಐದು ನಿಮಿಷ ಬಿಟ್ಟು, ಶುದ್ಧ ನೀರಿನಿಂದ ತೊಳೆದು, ಸಾರಜನಕ ಅನಿಲ ಊದಿ ಒಣಗಿಸುತ್ತೇನೆ. ಪ್ರೋಬ್ ಸಿಲಿಕಾನಿನದು, ಸ್ಪ್ರಿಂಗ್ ಸ್ಥಿರಾಂಕ (ಅದರ ಗಡಸುತನ) ಮೀಟರಿಗೆ ಸುಮಾರು 40 ನ್ಯೂಟನ್, ಅನುರಣನ ಆವರ್ತನ ಸುಮಾರು 300 ಕಿಲೋಹರ್ಟ್ಜ್, ಮೊನೆಯ ತ್ರಿಜ್ಯ 8 ನ್ಯಾನೋಮೀಟರ್ ಎಂದು ಡಬ್ಬಿಯ ಮೇಲಿದೆ. ಟ್ಯಾಪಿಂಗ್ ವಿಧಾನದಲ್ಲಿ (ಕಂಪಿಸುವ ಮೊನೆ ಮೇಲ್ಮೈಯನ್ನು ತಟ್ಟುತ್ತ ಸಾಗುವುದು) ನನಗೆ ಸಿಗುವ ಎಳೆಯ ಎತ್ತರ 0.7 ನ್ಯಾನೋಮೀಟರ್, ಬುಡದ ಅಗಲ 14ರಿಂದ 15 ನ್ಯಾನೋಮೀಟರ್, ಉದ್ದ ಸುಮಾರು 980 ನ್ಯಾನೋಮೀಟರ್. ಪಠ್ಯಪುಸ್ತಕದ ಡಿಎನ್‌ಎಗೆ ವ್ಯಾಸ 2 ನ್ಯಾನೋಮೀಟರ್. ನನ್ನದು ದಾರದ ಬದಲು ತುಳಿಸಿಕೊಂಡ ಪಟ್ಟಿಯಂತೆ ಕಾಣುತ್ತಿದೆ.

ದ್ರವದಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಮಾದರಿಯನ್ನು ಒಣಗಿಸದೆ ತೊಳೆದು, ಜೀವಕೋಶದ ಪರಿಸರಕ್ಕೆ ಹತ್ತಿರವಿರಲಿ ಎಂದು ಫಾಸ್ಫೇಟ್ ಬಫರ್ ಸಲೈನ್ ತುಂಬಿಸಿ, ಮೀಟರಿಗೆ 0.3 ನ್ಯೂಟನ್ ಇರುವ ಮೃದುವಾದ ಸಿಲಿಕಾನ್ ನೈಟ್ರೈಡ್ ಪ್ರೋಬಿನಿಂದ (ಅದರ ಮೊನೆಯ ತ್ರಿಜ್ಯ 20 ನ್ಯಾನೋಮೀಟರ್ ಎಂದಿದೆ) ನೋಡಿದರೆ, ಮೊದಲ ಚಿತ್ರದಲ್ಲಿ ಸ್ಕ್ಯಾನ್ ದಿಕ್ಕಿನಲ್ಲಿ ಎಳೆದಂತಹ ಗೆರೆಗಳ ನಡುವೆ ಎರಡು ಮೂರು ಅಣುಗಳ ತುಂಡುಗಳು ಕಾಣುತ್ತವೆ. ಕಾಲು ಗಂಟೆಯ ನಂತರ ಬರೀ ಮೈಕಾ ಉಳಿಯುತ್ತದೆ. 2 ನ್ಯಾನೋಮೀಟರ್ ತ್ರಿಜ್ಯದ ಅತಿ ಹರಿತ ಪ್ರೋಬ್‌ಗಳನ್ನು ತರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಜೊತೆಯವರು ಹೇಳುತ್ತಿದ್ದಾರೆ. ಅವು ದುಬಾರಿ, ಕೇಳುವ ಮೊದಲು ತಿಳಿದವರ ಅಭಿಪ್ರಾಯ ಬೇಕಿತ್ತು.

ಉತ್ತರ: ಸೂಜಿಮೊನೆ

ನಿಮ್ಮ ಗಾಳಿಯ ಚಿತ್ರದಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಒಣಗಿಸಿದ ಡಿಎನ್‌ಎಯ ಎತ್ತರ 0.5ರಿಂದ 1 ನ್ಯಾನೋಮೀಟರ್ ಬರುವುದು ಈ ಕ್ಷೇತ್ರದಲ್ಲಿ ಎಲ್ಲರೂ ಕಂಡ ಸಂಗತಿ. ಅಗಲ, ಎತ್ತರ ಎರಡಕ್ಕೂ ಕಾರಣಗಳು ಬೇರೆ ಬೇರೆಯಾದ್ದರಿಂದ ಅವನ್ನು ಒಂದೇ ದೋಷದ ಎರಡು ಮುಖಗಳೆಂದು ಭಾವಿಸಬೇಡಿ.

ಅಗಲದ ವಿಚಾರ ಪೂರ್ತಿಯಾಗಿ ಜ್ಯಾಮಿತಿಗೆ ಸೇರಿದ್ದು. ಎಎಫ್‌ಎಂ ನೋಡುವುದಿಲ್ಲ, ತಡವುತ್ತದೆ. ತಡವುವ ಕೋಲು ತಡವಿದ ವಸ್ತುವಿಗಿಂತ ದಪ್ಪವಿದ್ದರೆ, ಕೋಲಿನ ಬದಿ ಮೊದಲು ತಾಗುತ್ತದೆ ಮತ್ತು ಮೊನೆಯ ನಡುಭಾಗ ವಸ್ತುವಿನ ಮೇಲೆ ಬರುವುದಕ್ಕಿಂತ ಬಹಳ ಮುಂಚೆಯೇ ಏರುವುದಕ್ಕೆ ಶುರುವಾಗುತ್ತದೆ. ಗೋಳಾಕಾರದ ಮೊನೆ, ಸಿಲಿಂಡರಿನಾಕಾರದ ಅಣು ಎಂದು ಹಿಡಿದರೆ, ಕಾಣುವ ಬುಡದ ಅಗಲವು ಎರಡರ ತ್ರಿಜ್ಯಗಳ ಗುಣಲಬ್ಧದ ವರ್ಗಮೂಲದ ನಾಲ್ಕು ಪಟ್ಟು. ಡಿಎನ್‌ಎಯ ತ್ರಿಜ್ಯ 1 ನ್ಯಾನೋಮೀಟರ್ ಆದ್ದರಿಂದ ಲೆಕ್ಕ ಸುಲಭ: 8ರ ಮೊನೆಗೆ 11.3, 2ರ ಮೊನೆಗೆ 5.7. ನಿಮ್ಮ 14.5ನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಮೊನೆಯ ತ್ರಿಜ್ಯ ಸುಮಾರು 13 ನ್ಯಾನೋಮೀಟರ್ ಎಂದಾಗುತ್ತದೆ. ಅಣು ಚಪ್ಪಟೆಯಾಗಿರುವಾಗ ಈ ಸೂತ್ರ ಸಡಿಲವಾಗುವುದರಿಂದ ಇದನ್ನು ಅಂದಾಜಾಗಿ ಮಾತ್ರ ತೆಗೆದುಕೊಳ್ಳಿ. ಆದರೂ ಡಬ್ಬಿಯ ಮೇಲಿನ 8 ಎಂಬುದು ಹೊಚ್ಚ ಹೊಸ ಮೊನೆಯ ಮಾತು, ನಿಮ್ಮ ಮೊನೆ ಈಗಾಗಲೇ ಸವೆದಿದೆ ಅಥವಾ ಕೊಳೆ ಹತ್ತಿಸಿಕೊಂಡಿದೆ ಎನ್ನುವುದು ಇದರಿಂದ ತಿಳಿಯುತ್ತದೆ. ಗಮನಿಸಿ, ಅತಿ ಹರಿತ ಪ್ರೋಬ್ ಕೂಡ ನಿಮಗೆ 2 ನ್ಯಾನೋಮೀಟರ್ ಅಗಲ ತೋರಿಸುವುದಿಲ್ಲ. ಅಗಲವನ್ನು ಪ್ರಬಂಧದಲ್ಲಿ ಅಣುವಿನ ಅಳತೆಯೆಂದು ಬರೆಯಬೇಡಿ. ಮೊನೆಯ ಆರೋಗ್ಯದ ಸೂಚಕವೆಂದು ದಿನಚರಿಯಲ್ಲಿ ಬರೆದಿಡಿ. ನಾನು ಹಾಗೆಯೇ ಮಾಡುತ್ತೇನೆ: ಪ್ರತಿ ಮಾದರಿಯಲ್ಲೂ ಸ್ವಲ್ಪ ಬರಿಯ ಡಿಎನ್‌ಎ ಇದ್ದರೆ, ಅದೇ ನನ್ನ ಅಳತೆಗೋಲು.

ಈ ಹಿಗ್ಗುವಿಕೆಯಿಂದ ಎಲ್ಲ ಅಡ್ಡ ಅಳತೆಗಳೂ ಕೆಡುತ್ತವೆ ಎಂದೇನಿಲ್ಲ. ಉಬ್ಬಿನ ನೆತ್ತಿ ಇದ್ದಲ್ಲಿಯೇ ಇರುವುದರಿಂದ, ಎರಡು ಅಣುಗಳ ನಡುವಿನ ಅಂತರವನ್ನು ನೆತ್ತಿಯಿಂದ ನೆತ್ತಿಗೆ ಅಳೆದರೆ ಅದು ನಂಬಲರ್ಹ. ಗುಳಿಗಳಲ್ಲಿ ಮಾತ್ರ ಕಥೆ ತಿರುಗುಮುರುಗು: ಕೋಶಪೊರೆಯಲ್ಲಿನ ರಂಧ್ರಕ್ಕೆ ದಪ್ಪ ಮೊನೆ ಇಳಿಯಲಾರದೆ, ರಂಧ್ರವು ಇರುವುದಕ್ಕಿಂತ ಕಿರಿದಾಗಿ, ಆಳ ಕಡಿಮೆಯಾಗಿ ಕಾಣುತ್ತದೆ.

ಎತ್ತರಕ್ಕೆ ಬಂದರೆ ಕಾರಣ ಒಂದಲ್ಲ. ಒಣಗಿದಾಗ ಅಣುವಿನ ಸುತ್ತ ಉಪ್ಪಿನ ತೆಳುಪದರ ಉಳಿದು, ಅಣು ಅದರಲ್ಲಿ ಅರ್ಧ ಹೂತಂತೆ ಕುಳಿತಿರುತ್ತದೆ. ಗಾಳಿಯಲ್ಲಿ ಪ್ರತಿ ಮೇಲ್ಮೈಯ ಮೇಲೂ ನೀರಿನ ಪೊರೆಯಿದ್ದು, ಮೊನೆಯನ್ನು ಅದು ಹಲವು ನ್ಯಾನೋನ್ಯೂಟನ್ ಬಲದಿಂದ ಸೆಳೆಯುತ್ತದೆ. ಮೈಕಾದ ಮೇಲಿನ ಸೆಳೆತ ಮತ್ತು ಡಿಎನ್‌ಎಯ ಮೇಲಿನ ಸೆಳೆತ ಒಂದೇ ಅಲ್ಲವಾದ್ದರಿಂದ ಯಂತ್ರ ಕೊಡುವ ಎತ್ತರದ ವ್ಯತ್ಯಾಸವೂ ಶುದ್ಧ ಎತ್ತರವಲ್ಲ. ಅದರ ಮೇಲೆ ಟ್ಯಾಪಿಂಗ್‌ನ ಪೆಟ್ಟು ಬೇರೆ. ಹೀಗಿದ್ದೂ ಯಂತ್ರದ ಲಂಬ ಅಳತೆ ಸರಿಯಿದೆಯೇ ಎಂದು ಒಮ್ಮೆ ಪರೀಕ್ಷಿಸಿಬಿಡಿ. ಮಸ್ಕೊವೈಟ್ ಮೈಕಾದಲ್ಲಿ ಒಂದು ಪದರದ ಮೆಟ್ಟಿಲು 1 ನ್ಯಾನೋಮೀಟರ್. ಸೀಳಿದ ಹಾಳೆಯಲ್ಲಿ ಅಂತಹ ಮೆಟ್ಟಿಲು ಹುಡುಕಿದರೆ ಸಿಗುತ್ತದೆ. ಅದೂ 1 ಬಾರದಿದ್ದರೆ ಮಾತ್ರ ಸ್ಕ್ಯಾನರನ್ನು ದೂರಿ.

ಉದ್ದ ಚೆನ್ನಾಗಿಯೇ ಬಂದಿದೆ. ಒಂದು ಬೇಸ್ ಜೋಡಿಗೆ 0.34 ನ್ಯಾನೋಮೀಟರಿನಂತೆ 3,000ಕ್ಕೆ 1,020 ನ್ಯಾನೋಮೀಟರ್, ನಿಮ್ಮದು ತುಸುವೇ ಕಡಿಮೆ. ಒಣಗುವಾಗ ಎಳೆ ಅಲ್ಲಲ್ಲಿ ಗಿಡ್ಡವಾದ ಎ ರೂಪಕ್ಕೆ ಹೊರಳಬಹುದು, ಜೊತೆಗೆ 2 ಮೈಕ್ರೋಮೀಟರ್ ಚಿತ್ರವನ್ನು 512 ಬಿಂದುಗಳಲ್ಲಿ ತೆಗೆದರೆ ಒಂದು ಬಿಂದುವೇ 4 ನ್ಯಾನೋಮೀಟರಿಗೆ ಹತ್ತಿರವಾದ್ದರಿಂದ ಸಣ್ಣ ಬಾಗುಗಳನ್ನು ಗೆರೆ ಎಳೆಯುವಾಗ ನಾವೇ ಕತ್ತರಿಸಿಬಿಡುತ್ತೇವೆ.

ಉತ್ತರ: ಟಿಪ್ಪಣಿಕಾರ

ದ್ರವದಲ್ಲಿ ಡಿಎನ್‌ಎ ಬಿಟ್ಟುಹೋಗುವುದಕ್ಕೆ ಟಿಇ ಬಫರಿನಲ್ಲಿರುವ ಇಡಿಟಿಎ ಕಾರಣವಿರಬೇಕು. ಅದು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಬಿಡುತ್ತದೆ. ಅಂಟಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಉತ್ತರ: ಉಪ್ಪುನೀರು

ಮೇಲಿನ ಅನುಮಾನ ಸಹಜವೇ, ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ಸಾಮಾನ್ಯ ಟಿಇ ಬಫರಿನಲ್ಲಿ ಇಡಿಟಿಎ 1 ಮಿಲಿಮೋಲಾರ್. ನೂರು ಪಟ್ಟು ತೆಳುಮಾಡಿದ ಮೇಲೆ 0.01 ಮಿಲಿಮೋಲಾರ್. ಎದುರಿಗೆ ಮೆಗ್ನೀಸಿಯಂ 10 ಮಿಲಿಮೋಲಾರ್ ಇದೆ. ಸಾವಿರಕ್ಕೆ ಒಂದು ಅಯಾನು ಹೋದರೆ ಯಾರಿಗೂ ತಿಳಿಯುವುದಿಲ್ಲ. ಮೂಲ ದ್ರಾವಣವೇ ತೆಳುವಾಗಿದ್ದು, ಅರ್ಧಕ್ಕರ್ಧ ಬೆರೆಸಿ, ಮೇಲಾಗಿ 2 ಮಿಲಿಮೋಲಾರ್ ನಿಕ್ಕಲ್ ಬಳಸುತ್ತಿದ್ದರೆ ಆಗ ಇಡಿಟಿಎ ಕಾಲು ಭಾಗವನ್ನು ನುಂಗುತ್ತಿತ್ತು, ಆಗ ಈ ಮಾತು ನಿಜವಾಗುತ್ತಿತ್ತು.

ನಿಜವಾದ ಕಾರಣ ಪ್ರಶ್ನೆಯಲ್ಲಿಯೇ ಇದೆ: ಫಾಸ್ಫೇಟ್ ಬಫರ್ ಸಲೈನ್. ಸೀಳಿದ ಮೈಕಾದ ಮೈ ನೀರಿನಲ್ಲಿ ಋಣ ವಿದ್ಯುದಂಶ ಹೊಂದುತ್ತದೆ. ಡಿಎನ್‌ಎಯೂ ಪ್ರತಿ ಬೇಸ್ ಜೋಡಿಗೆ ಎರಡರಂತೆ ಋಣ ಫಾಸ್ಫೇಟ್‌ಗಳನ್ನು ಹೊತ್ತಿರುತ್ತದೆ. ಒಂದನ್ನೊಂದು ದೂರ ತಳ್ಳಬೇಕಾದ ಈ ಎರಡರ ನಡುವೆ ಎರಡು ಧನ ಅಂಶಗಳ ಮೆಗ್ನೀಸಿಯಂ ಸೇತುವೆಯಾಗಿ ನಿಂತಿರುವುದರಿಂದಲೇ ಅಣು ಮೇಲ್ಮೈಯಲ್ಲಿ ನಿಲ್ಲುತ್ತದೆ. ಗಾಳಿಯ ಮಾದರಿಯಲ್ಲಿ ನೀವು ಅಷ್ಟರಲ್ಲಿಯೇ ಒಣಗಿಸಿಬಿಟ್ಟದ್ದರಿಂದ ಅದು ಅಲ್ಲಿಯೇ ಉಳಿಯಿತು. ದ್ರವದ ಮಾದರಿಯಲ್ಲಾದರೋ, ಮೆಗ್ನೀಸಿಯಂ ಇರುವ ದ್ರಾವಣವನ್ನು ತೊಳೆದುಹಾಕಿ, 137 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇರುವ ದ್ರಾವಣವನ್ನು ತಂದು ಸುರಿದಿರಿ. ಸೋಡಿಯಂ ಅಯಾನುಗಳು ಮೈಕಾದ ಜಾಗಗಳಿಗೆ ಮೆಗ್ನೀಸಿಯಂ ಜೊತೆ ಪೈಪೋಟಿಗಿಳಿದು ಗೆಲ್ಲುತ್ತವೆ, ಸೇತುವೆ ಕುಸಿಯುತ್ತದೆ, ಕಾಲು ಗಂಟೆಯಲ್ಲಿ ಡಿಎನ್‌ಎ ದ್ರಾವಣಕ್ಕೆ ಹೊರಟುಹೋಗುತ್ತದೆ. ಮೊನೆ ಎಷ್ಟೇ ಹರಿತವಾಗಿರಲಿ, ಅಲ್ಲಿ ಇಲ್ಲದ ಅಣುವನ್ನು ಅದು ತೋರಿಸಲಾರದು.

ಹೀಗೆ ಮಾಡಿ ನೋಡಿ. ಡಿಎನ್‌ಎಯನ್ನು ಮೈಕಾದ ಮೇಲೆ ಇಳಿಸುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ದ್ರಾವಣವಿರಲಿ: 10 ಮಿಲಿಮೋಲಾರ್ ಹೆಪೆಸ್, ಅದರಲ್ಲಿ 2ರಿಂದ 5 ಮಿಲಿಮೋಲಾರ್ ನಿಕ್ಕಲ್ ಕ್ಲೋರೈಡ್, ಬೇರೆ ಉಪ್ಪು ಸದ್ಯಕ್ಕೆ ಬೇಡ. ನಿಕ್ಕಲ್ ಅಯಾನು ಮೆಗ್ನೀಸಿಯಂಗಿಂತ ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದನ್ನು ಫಾಸ್ಫೇಟ್ ಬಫರಿಗೆ ಸೇರಿಸಬೇಡಿ. ನಿಕ್ಕಲ್ ಫಾಸ್ಫೇಟ್ ಒತ್ತರಿಸಿ ಕೆಳಗಿಳಿದು, ಚಿತ್ರದ ತುಂಬ ಗುಂಡುಗುಂಡಾದ ಚುಕ್ಕೆಗಳಾಗಿ ಕಾಣುತ್ತದೆ, ಹೊಸಬರು ಅದನ್ನು ಪ್ರೋಟೀನ್ ಎಂದು ಭ್ರಮಿಸುತ್ತಾರೆ. ನಾನೂ ಒಂದು ವಾರ ಭ್ರಮಿಸಿದ್ದೆ.

ಮುಂದೆ ಪ್ರೋಟೀನ್ ಸೇರಿಸುವ ಯೋಜನೆಯಿದೆ ಎಂದಿರಿ. ಅಲ್ಲಿ ತದ್ವಿರುದ್ಧವಾದ ತೊಡಕು ಎದುರಾಗುತ್ತದೆ: ಡಿಎನ್‌ಎ ತೀರ ಬಿಗಿಯಾಗಿ ಅಂಟಿದ್ದರೆ ಪ್ರೋಟೀನ್ ಅದನ್ನು ಸುತ್ತುವರಿಯಲಾರದು, ಸಡಿಲವಾಗಿದ್ದರೆ ಮೊನೆ ಅದನ್ನು ಗುಡಿಸಿಬಿಡುತ್ತದೆ. ನಿಕ್ಕಲ್‌ನಿಂದ ಶುರುಮಾಡಿ, ಚಿತ್ರ ಸ್ಥಿರವಾದ ಮೇಲೆ ಮೆಗ್ನೀಸಿಯಂ ಹೆಚ್ಚಿಸುತ್ತ, ನಿಕ್ಕಲ್ ಇಳಿಸುತ್ತ ನಡುವಿನ ಹದವೊಂದನ್ನು ನೀವೇ ಹುಡುಕಿಕೊಳ್ಳಬೇಕು. ಆ ಹದ ಪ್ರತಿ ಪ್ರೋಟೀನಿಗೂ ಬೇರೆ.

ಎಪಿಟಿಇಎಸ್ ಅಥವಾ ಪಾಲಿಲೈಸಿನ್ ಬಳಿದು ಮೈಕಾವನ್ನೇ ಧನ ವಿದ್ಯುದಂಶದ್ದಾಗಿ ಮಾಡಿ ಎಂದು ಮುಂದಿನ ಉತ್ತರದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಟುವುದಂತೂ ನಿಜ. ಆದರೆ ಎಳೆಯ ಆಕಾರದಿಂದ ಏನನ್ನಾದರೂ ತೀರ್ಮಾನಿಸುವವರು ಎಚ್ಚರವಾಗಿರಬೇಕು. ಮೆಗ್ನೀಸಿಯಂ ಇರುವ ಮೈಕಾದ ಮೇಲೆ ಅಣು ಮೆಲ್ಲಗೆ ಹರಿದಾಡಿ, ಎರಡು ಆಯಾಮಗಳಲ್ಲಿ ತನಗೆ ಸಹಜವಾದ ಭಂಗಿಗೆ ಬಂದು ನಿಲ್ಲುತ್ತದೆ. ಬಲವಾಗಿ ಹಿಡಿಯುವ ಮೇಲ್ಮೈಯಲ್ಲಿ ಅದು ಬಿದ್ದಲ್ಲೇ ಸಿಕ್ಕಿಕೊಂಡು, ಮೂರು ಆಯಾಮಗಳ ಉಂಡೆಯ ನೆರಳಿನಂತೆ ಉಳಿಯುತ್ತದೆ. ಡಿಎನ್‌ಎಯ ಬಾಗುವಿಕೆಯನ್ನು ಸೂಚಿಸುವ ಪರ್ಸಿಸ್ಟೆನ್ಸ್ ಉದ್ದವನ್ನು 50 ನ್ಯಾನೋಮೀಟರ್ ಎಂದಿಟ್ಟು ನಿಮ್ಮ 1,020 ನ್ಯಾನೋಮೀಟರ್ ಎಳೆಗೆ ಲೆಕ್ಕ ಮಾಡಿದೆ: ಮೊದಲ ಸಂದರ್ಭದಲ್ಲಿ ತುದಿಯಿಂದ ತುದಿಗಿರುವ ದೂರದ ವರ್ಗಸರಾಸರಿಯ ಮೂಲ ಸುಮಾರು 430 ನ್ಯಾನೋಮೀಟರ್, ಎರಡನೆಯದರಲ್ಲಿ ಸುಮಾರು 255. ನೂರಿನ್ನೂರು ಅಣುಗಳ ತುದಿಗಳನ್ನು ಅಳೆದರೆ ನಿಮ್ಮ ಮೇಲ್ಮೈ ಯಾವ ಬಗೆಯದೆಂದು ಯಾರನ್ನೂ ಕೇಳದೆ ತಿಳಿಯಬಹುದು.

ಇನ್ನೊಂದು ಮಾತು, ಮೈಕಾ ಸೀಳುವ ಬಗ್ಗೆ. ಹಳಬರು ಕಾಗೆಬಂಗಾರವೆಂದು ಕರೆಯುವ ಈ ಖನಿಜ ಪದರಪದರವಾಗಿ ಬಿಡುವುದೇ ನಮ್ಮ ಪುಣ್ಯ, ಆದರೆ ಅಂಟುಪಟ್ಟಿ ಒತ್ತಿ ಕಿತ್ತಾಕ್ಷಣ ಕೆಲಸ ಮುಗಿಯಿತೆಂದಲ್ಲ. ಕಿತ್ತ ಪಟ್ಟಿಯನ್ನು ಬೆಳಕಿಗೆ ಹಿಡಿಯಿರಿ. ತಟ್ಟೆಯ ಪೂರ್ಣ ವೃತ್ತ, ನಡುವೆ ಹರಕಿಲ್ಲದೆ, ಒಂದೇ ಹೊಳಪಿನಲ್ಲಿ ಅಂಟಿಕೊಂಡು ಬಂದಿರಬೇಕು. ಅರ್ಧಚಂದ್ರದಂತೆ ಬಂದಿದ್ದರೆ ಉಳಿದರ್ಧದಲ್ಲಿ ಹಳೆಯ ಕೊಳಕು ಮೈಯೇ ಇದೆ ಎಂದರ್ಥ. ಅಂಚಿನಲ್ಲಿ ಎದ್ದು ನಿಂತ ಚಕ್ಕೆಗಳಿದ್ದರೆ ದ್ರವ ಅದರ ಕೆಳಗೆ ನುಸುಳಿ, ಗಂಟೆಗಟ್ಟಲೆ ಚಿತ್ರ ಜಾರುತ್ತಿರುತ್ತದೆ. ಮತ್ತು ಡಿಎನ್‌ಎ ಹಾಕುವ ಮೊದಲು ಬರೀ ಬಫರ್ ಹಾಕಿದ ಮೈಕಾದ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ.

ಉತ್ತರ: ಮುಟ್ಟಿದರೆಮುನಿ

ಉಪ್ಪುನೀರು ಅವರ ವಿವರಣೆಗೆ ನನ್ನ ಸಹಮತವಿದೆ. ಆದರೆ ಸ್ಕ್ಯಾನ್ ದಿಕ್ಕಿನ ಗೆರೆಗಳು ರಸಾಯನದಿಂದ ಮಾತ್ರ ಬಂದವಲ್ಲ. ಅಣು ಸಡಿಲಗೊಂಡಾಗ ಅದನ್ನು ಎಳೆದುಕೊಂಡು ಹೋದದ್ದು ಮೊನೆ. ಆದ್ದರಿಂದ ಬಲದ ಕಡೆಯನ್ನೂ ಸರಿಪಡಿಸಿಕೊಳ್ಳಬೇಕು.

ಮೀಟರಿಗೆ 0.3 ನ್ಯೂಟನ್ ಎಂದರೆ, ಕ್ಯಾಂಟಿಲಿವರ್ (ಮೊನೆಯನ್ನು ಹೊತ್ತ ತೆಳು ಪಟ್ಟಿ) ಒಂದು ನ್ಯಾನೋಮೀಟರ್ ಬಾಗಿದರೆ 300 ಪಿಕೋನ್ಯೂಟನ್. ನಿಮ್ಮ ಗಾಳಿಯ ಪ್ರೋಬ್ ಅಷ್ಟೇ ಬಾಗಿದರೆ 40 ನ್ಯಾನೋನ್ಯೂಟನ್. ಮೃದುವಾದ ಪ್ರೋಬ್ ಆರಿಸಿದ್ದು ಸರಿ. ಆದರೆ ಮೃದುತ್ವಕ್ಕೂ ಬೆಲೆಯಿದೆ: ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿ 4.1 ಪಿಕೋನ್ಯೂಟನ್ ನ್ಯಾನೋಮೀಟರ್ ಆದ್ದರಿಂದ, 0.3ರ ಕ್ಯಾಂಟಿಲಿವರ್ ಯಾರೂ ಅಲುಗಾಡಿಸದೆಯೇ ಸರಾಸರಿ 0.12 ನ್ಯಾನೋಮೀಟರ್ ನಡುಗುತ್ತಿರುತ್ತದೆ, 0.1ರದ್ದು 0.2 ನ್ಯಾನೋಮೀಟರ್. ಈ ನಡುಕವನ್ನೇ ಅಳೆದು ಸ್ಪ್ರಿಂಗ್ ಸ್ಥಿರಾಂಕ ಕಂಡುಹಿಡಿಯಬಹುದು. ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬುವ ಬದಲು ಪ್ರತಿ ಪ್ರೋಬಿಗೂ ಹಾಗೆ ಅಳೆಯುವುದು ಒಳ್ಳೆಯ ಅಭ್ಯಾಸ.

ಕ್ಯಾಂಟಿಲಿವರನ್ನು ತೀರ ಚಿಕ್ಕದಾಗಿ ಮಾಡಿದರೆ ಗಡಸುತನ ಹೆಚ್ಚಿಸದೆಯೇ ಅನುರಣನ ಆವರ್ತನವನ್ನು ಮೇಲಕ್ಕೇರಿಸಬಹುದು. ಆಗ ಅಷ್ಟೇ ನಡುಕ ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡಿಹೋಗಿ, ನಾವು ಅಳೆಯುವ ಭಾಗಕ್ಕೆ ಕಡಿಮೆ ಪಾಲು ಬರುತ್ತದೆ, ವೇಗವೂ ಸಿಗುತ್ತದೆ. ಕನಜಾವಾ ವಿಶ್ವವಿದ್ಯಾಲಯದ ತೋಷಿಯೊ ಆಂಡೊ ಅವರ ತಂಡ ಮಯೋಸಿನ್ ಐದು ಎಂಬ ಪ್ರೋಟೀನಿನ ಅಣುವು ಆಕ್ಟಿನ್ ಎಳೆಯ ಮೇಲೆ 36 ನ್ಯಾನೋಮೀಟರ್ ಹೆಜ್ಜೆಗಳಲ್ಲಿ ನಡೆಯುವುದನ್ನು 2010ರಲ್ಲಿ ಚಲನಚಿತ್ರದಂತೆ ತೋರಿಸಿದ್ದು ಇಂತಹ ಪುಟ್ಟ ಕ್ಯಾಂಟಿಲಿವರ್‌ಗಳಿಂದಲೇ. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಪ್ರಕಟಿಸಿದ ಮೊದಲ ಎಎಫ್‌ಎಂನ ಪ್ರೋಬ್ ಎಂದರೆ ಚಿನ್ನದ ತೆಳು ಹಾಳೆಗೆ ಅಂಟಿಸಿದ ವಜ್ರದ ಚೂರು. ಅಲ್ಲಿಂದ ಇಲ್ಲಿಯವರೆಗೆ ಈ ಕ್ಷೇತ್ರ ಮುಂದೆ ಬಂದಿರುವುದರಲ್ಲಿ ಮೊನೆಯ ಹರಿತಕ್ಕಿಂತ ಕ್ಯಾಂಟಿಲಿವರಿನ ಪಾಲು ದೊಡ್ಡದೆಂದು ನನ್ನ ಎಣಿಕೆ.

ನಿಮ್ಮ ಯಂತ್ರದಲ್ಲಿ ಈಗಲೇ ಮಾಡಬಹುದಾದದ್ದು ಇಷ್ಟು. ಪ್ರೋಬನ್ನು ದ್ರವಕ್ಕಿಳಿಸಿದ ಮೇಲೆ ಅರ್ಧ ಗಂಟೆಯಾದರೂ ಸುಮ್ಮನೆ ಬಿಡಿ. ಚಿನ್ನ ಲೇಪಿಸಿದ ನೈಟ್ರೈಡ್ ಕ್ಯಾಂಟಿಲಿವರ್ ಎರಡು ಪದರಗಳದ್ದಾದ್ದರಿಂದ ಉಷ್ಣತೆ ಕೂದಲೆಳೆಯಷ್ಟು ಬದಲಾದರೂ ಬಾಗುತ್ತದೆ. ಮುಕ್ತ ಕಂಪನದ ವಿಸ್ತಾರ ದ್ರವದಲ್ಲಿ ಕೆಲವೇ ನ್ಯಾನೋಮೀಟರ್ ಇರಲಿ. ಸೆಟ್‌ಪಾಯಿಂಟನ್ನು (ತಟ್ಟುವಾಗ ಯಂತ್ರ ಕಾಯ್ದುಕೊಳ್ಳುವ ಕಂಪನದ ವಿಸ್ತಾರ) ಮೊನೆ ಮೇಲ್ಮೈಯನ್ನು ಬಿಟ್ಟುಬಿಡುವವರೆಗೆ ಏರಿಸಿ, ಮತ್ತೆ ಹಿಡಿದುಕೊಳ್ಳುವಷ್ಟು ಮಾತ್ರ ಇಳಿಸಿ. ಇದನ್ನು ಒಮ್ಮೆ ಮಾಡಿ ಕೈಕಟ್ಟಿ ಕೂರುವಂತಿಲ್ಲ: ಮುಕ್ತ ವಿಸ್ತಾರ ತಾನಾಗಿಯೇ ಏರಿದರೆ, ಸೆಟ್‌ಪಾಯಿಂಟ್ ಹಾಗೆಯೇ ಇರುವುದರಿಂದ, ನಿಮಗೆ ಗೊತ್ತಿಲ್ಲದೆಯೇ ಪ್ರತಿ ತಟ್ಟೂ ಬಿರುಸಾಗುತ್ತದೆ, ಇಳಿದರೆ ಮೊನೆ ಗಾಳಿಪಟದಂತೆ ಮೇಲೆ ತೇಲುತ್ತದೆ. ಐದೈದು ನಿಮಿಷಕ್ಕೊಮ್ಮೆ ನೋಡುತ್ತಿರಬೇಕು. ಹೋಗುವ ಗೆರೆ ಮತ್ತು ಬರುವ ಗೆರೆಗಳನ್ನು ಒಂದರ ಮೇಲೊಂದು ತೋರಿಸುವ ಕಿಟಕಿಯನ್ನು ಮುಚ್ಚಲೇಬೇಡಿ. ಅವೆರಡೂ ಅಣುವಿನ ಇಳಿಜಾರಿನ ಬದಿಯಲ್ಲಿ ಬೇರೆಯಾದರೆ ಫೀಡ್‌ಬ್ಯಾಕ್ (ಮೊನೆಯನ್ನು ಏರಿಳಿಸುವ ನಿಯಂತ್ರಣ) ಹಿಂದೆ ಬಿದ್ದಿದೆ ಎಂದರ್ಥ. ಆಗ ವೇಗ ಇಳಿಸಿ ಇಲ್ಲವೇ ಗೇನ್ (ಆ ನಿಯಂತ್ರಣದ ಚುರುಕು) ಏರಿಸಿ.

ಕೋಶಪೊರೆಯ ಪ್ರೋಟೀನ್‌ಗಳಲ್ಲಿ ಬಲದ ಪರಿಣಾಮ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನ್ ಮೂರು ಮೂರಾಗಿ ಸೇರಿ, 6.2 ನ್ಯಾನೋಮೀಟರ್ ಅಂತರದ ಜಾಲರಿಯಾಗಿ ಜೋಡಣೆಗೊಂಡ ನೇರಳೆ ಪೊರೆಯನ್ನು ಕೋಶದ ಒಳಮುಖದಿಂದ ನೋಡುವಾಗ, 100 ಪಿಕೋನ್ಯೂಟನ್ ಬಲದಲ್ಲಿ ಎದ್ದು ಕಾಣುವ ಪ್ರೋಟೀನ್ ಕುಣಿಕೆಗಳು 200ರ ಹೊತ್ತಿಗೆ ಮಲಗಿಬಿಟ್ಟು, ಬೇರೆಯದೇ ಆಕೃತಿ ಕಾಣುತ್ತದೆ. ಬಲ ಇಳಿಸಿದರೆ ಮತ್ತೆ ಎದ್ದು ನಿಲ್ಲುತ್ತವೆ. ಅಂತಹ ಮಾದರಿಗಳಲ್ಲಿ ಉಪ್ಪನ್ನು 150 ಮಿಲಿಮೋಲಾರಿನ ಆಸುಪಾಸಿಗೆ ಹೆಚ್ಚಿಸಿ, ವಿದ್ಯುತ್ ವಿಕರ್ಷಣೆಯ ವ್ಯಾಪ್ತಿಯನ್ನು 1 ನ್ಯಾನೋಮೀಟರಿಗಿಂತ ಕೆಳಗಿಳಿಸಿ ಹದಮಾಡಿಕೊಳ್ಳುತ್ತಾರೆ. ನಿಮಗೆ ಆ ಉಪಾಯ ಕೈಹಿಡಿಯುವುದಿಲ್ಲ, ಏಕೆಂದರೆ ಪೊರೆ ಉಪ್ಪಿನಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ, ಡಿಎನ್‌ಎ ಎದ್ದುಹೋಗುತ್ತದೆ. ಪೊರೆಯ ಕೆಲಸ ಮಾಡುವವರ ವಿಧಾನವನ್ನು ಡಿಎನ್‌ಎಗೆ ಹಾಗೆಯೇ ತಂದು ಕೆಟ್ಟವರನ್ನು ನಾನು ಕಂಡಿದ್ದೇನೆ.

ಉತ್ತರ: ಜೋಡಿನೆರಳು

ಹರಿತ ಪ್ರೋಬಿನ ಬಗ್ಗೆ ಮಾತು ಬಂದಿರುವುದರಿಂದ ನನ್ನದೊಂದು ಎಡವಟ್ಟನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಚಿತ್ರಗಳಲ್ಲಿ ಡಿಎನ್‌ಎ ಎಳೆಗಳು ಎರಡೆರಡಾಗಿ, ರೈಲು ಹಳಿಗಳ ಹಾಗೆ ಪಕ್ಕಪಕ್ಕದಲ್ಲಿ ಮಲಗಿದ್ದವು. ನಾನು ಸೇರಿಸಿದ್ದ ಪ್ರೋಟೀನ್ ಎಳೆಗಳನ್ನು ಜೋಡಿಸುತ್ತಿದೆ ಎಂದು ನಂಬಿ, ಸಭೆಯೊಂದಕ್ಕೆ ಚಿತ್ರಪಟವನ್ನೂ ಸಿದ್ಧಪಡಿಸಿದ್ದೆ. ಸ್ಕ್ಯಾನ್ ಕೋನವನ್ನು 90 ಡಿಗ್ರಿ ತಿರುಗಿಸಿಯೂ ಪರೀಕ್ಷಿಸಿದ್ದೆ, ಜೋಡಿಗಳು ಹಾಗೆಯೇ ಇದ್ದವು, ಆದ್ದರಿಂದ ನಿಜವೆಂದುಕೊಂಡೆ.

ತಪ್ಪಿದ್ದದ್ದು ಅಲ್ಲಿಯೇ. ಸಾಫ್ಟ್‌ವೇರಿನಲ್ಲಿ ಸ್ಕ್ಯಾನ್ ಕೋನ ಬದಲಿಸಿದರೆ ಮೊನೆ ಓಡುವ ದಿಕ್ಕು ಮಾತ್ರ ಬದಲಾಗುತ್ತದೆ. ಮೊನೆಗೂ ಮಾದರಿಗೂ ನಡುವಿನ ಕೋನ ಬದಲಾಗುವುದಿಲ್ಲ. ಮೊನೆಗೆ ಪಕ್ಕದಲ್ಲಿ ಇನ್ನೊಂದು ಮೊನೆ ಮುರಿದು ಎದ್ದಿದ್ದರೆ, ಅದು ಮೂಡಿಸುವ ನೆರಳು ಅಣುವಿಗೆ ಅಂಟಿಕೊಂಡೇ ತಿರುಗುತ್ತದೆ. ಆ ಪರೀಕ್ಷೆ ಹಿಡಿಯುವುದು ಫೀಡ್‌ಬ್ಯಾಕಿನ ದೋಷವನ್ನು, ಜೋಡಿ ಮೊನೆಯನ್ನಲ್ಲ. ಮಾದರಿಯ ತಟ್ಟೆಯನ್ನೇ ಕೈಯಿಂದ ತಿರುಗಿಸಿ ಕೂರಿಸಬೇಕು, ಅಥವಾ ಪ್ರೋಬ್ ಬದಲಿಸಬೇಕು. ಅಷ್ಟೂ ಬೇಕಿರಲಿಲ್ಲ, ನಾನು ಕಣ್ಣುಬಿಟ್ಟು ನೋಡಿದ್ದರೆ ಸಾಕಿತ್ತು. ಎಳೆಗಳು ಎತ್ತೆತ್ತಲೋ ಬಾಗಿ ಬಿದ್ದಿದ್ದರೂ, ಪ್ರತಿಯೊಂದರ ಜೊತೆಗಾರ ಎಳೆಯೂ ಅದರ ಬಲಮೇಲಕ್ಕೆ, ಅದೇ ದೂರದಲ್ಲಿ, ಅದೇ ಬಾಗಿನಲ್ಲಿ ಇತ್ತು. ಆ ದಿಕ್ಕಿನಲ್ಲಿಯೇ ಹರಿಯುವ ಭಾಗಗಳಲ್ಲಿ ಮಾತ್ರ ಎರಡೂ ಒಂದಾಗಿದ್ದವು. ಯಾವ ಪ್ರೋಟೀನೂ ಪ್ರಯೋಗಾಲಯದ ಈಶಾನ್ಯ ದಿಕ್ಕನ್ನು ನೋಡಿಕೊಂಡು ಕೆಲಸ ಮಾಡುವುದಿಲ್ಲ.

ಚಿತ್ರವನ್ನು ಸಮತಟ್ಟು ಮಾಡುವಾಗ ಡಿಎನ್‌ಎಯನ್ನು ಮಾಸ್ಕ್ ಮಾಡಿ ಲೆಕ್ಕದಿಂದ ಹೊರಗಿಡಿ. ಗ್ವಿಡಿಯನ್ ಎಂಬ ಉಚಿತ ತಂತ್ರಾಂಶದಲ್ಲಿ ಅದಕ್ಕೆ ಅನುಕೂಲವಿದೆ. ಹಾಗೆ ಮಾಡದಿದ್ದರೆ ಎತ್ತರದ ವಸ್ತುವಿನ ಎಡಬಲಗಳಲ್ಲಿ ಕಪ್ಪು ಪಟ್ಟೆ ಮೂಡಿ, ಅಳತೆಯೂ ಕೆಡುತ್ತದೆ.

ಪ್ರತಿಕ್ರಿಯೆ: ಹೊಸಗಣ್ಣು

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತೆಗೆದುಕೊಂಡು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಮೈಕಾದ ಮೆಟ್ಟಿಲು 1 ನ್ಯಾನೋಮೀಟರ್ ಬಂತು, ಸ್ಕ್ಯಾನರ್ ನಿರಪರಾಧಿ. ಹಳೆಯ ಮೃದು ಪ್ರೋಬನ್ನೇ ಇಟ್ಟುಕೊಂಡು, ಫಾಸ್ಫೇಟ್ ಬಿಟ್ಟು, ಹೆಪೆಸ್ ಜೊತೆ 3 ಮಿಲಿಮೋಲಾರ್ ನಿಕ್ಕಲ್ ಹಾಕಿದ ದಿನ ಮೊದಲ ಬಾರಿಗೆ ಒಂದೇ ಅಣು ಎರಡು ಗಂಟೆಗಳ ಕಾಲ ಒಂದೇ ಜಾಗದಲ್ಲಿತ್ತು. ಎತ್ತರ 1.8 ನ್ಯಾನೋಮೀಟರ್. ಅಗಲ ಮಾತ್ರ 18, ಆದರೆ 20ರ ಮೊನೆಗೆ ಸೂತ್ರ ಹೇಳುವುದೂ 17.9 ಎಂದು ತಿಳಿದಿದ್ದರಿಂದ ಈ ಬಾರಿ ಬೇಸರವಾಗಲಿಲ್ಲ. ಕೋಣೆಯ ಇನ್ನೊಂದು ಮೂಲೆಯಲ್ಲಿ ಯಾರೋ ಕಪಾಟು ಮುಚ್ಚಿದಾಗ ಮೂಡಿದ ಒಂದು ಗೆರೆಯನ್ನು ಬಿಟ್ಟರೆ ಎಳೆತದ ಗೆರೆಗಳೂ ಇಲ್ಲ.

ಅಷ್ಟರಲ್ಲಿ ಜೊತೆಯವರು ತಮ್ಮಲ್ಲಿದ್ದ ಅತಿ ಹರಿತ ಪ್ರೋಬ್ ಒಂದನ್ನು ಕೊಟ್ಟರು, ಅದೂ ದ್ರವಕ್ಕೆಂದೇ ಮಾಡಿದ ಮೃದುವಾದದ್ದು. ಮೊದಲ ಚಿತ್ರದಲ್ಲಿ ಅಗಲ 7 ನ್ಯಾನೋಮೀಟರ್ ಇತ್ತು, ಅಂದರೆ ತ್ರಿಜ್ಯ ಸುಮಾರು 3. ಜಾಗ ಬದಲಿಸಲೆಂದು ಮೊನೆಯನ್ನು ಎತ್ತಿ ಮತ್ತೆ ಇಳಿಸಿದೆ. ಮೂರನೆಯ ಚಿತ್ರದ ಹೊತ್ತಿಗೆ ಅಗಲ 12.5, ತ್ರಿಜ್ಯ 10ಕ್ಕೆ ಹತ್ತಿರ. ಒಂದೇ ಮಧ್ಯಾಹ್ನದಲ್ಲಿ ದುಬಾರಿ ಪ್ರೋಬ್ ಸಾಧಾರಣ ಪ್ರೋಬ್ ಆಗಿಬಿಟ್ಟಿತು. ಇಳಿಸುವಾಗ ನಾನು ಮಾಡಿದ ತಪ್ಪೇನಿರಬಹುದು?

ಉತ್ತರ: ಸೂಜಿಮೊನೆ

ಇಳಿಸುವ ಸೆಟ್‌ಪಾಯಿಂಟನ್ನು ಚಿತ್ರ ತೆಗೆಯುವ ಸೆಟ್‌ಪಾಯಿಂಟಿನಲ್ಲಿಯೇ ಬಿಟ್ಟಿರಬೇಕು, ಅಥವಾ ಇಳಿಸುವ ವೇಗ ಯಂತ್ರದ ಸಿದ್ಧ ಮೌಲ್ಯದಲ್ಲಿಯೇ ಇದ್ದಿರಬೇಕು. ಇಳಿಸುವಾಗ ಮುಕ್ತ ವಿಸ್ತಾರದ 95 ಶೇಕಡಾಕ್ಕೆ ಸೆಟ್‌ಪಾಯಿಂಟ್ ಇಡಿ. ಮೇಲ್ಮೈ ತಲುಪುವ ಮೊದಲೇ ಅದು ಹುಸಿಯಾಗಿ ನಿಂತರೂ ಪರವಾಗಿಲ್ಲ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೈಯಿಂದ ಇಳಿಸಿ ತಲುಪಿ. ಹುಸಿ ನಿಲುಗಡೆಯನ್ನು ಗುರುತಿಸುವುದು ಸುಲಭ: ಸೆಟ್‌ಪಾಯಿಂಟನ್ನು ತುಸು ತಗ್ಗಿಸಿದರೆ ನಿಜವಾದ ಮೇಲ್ಮೈಯಲ್ಲಿ ಲಂಬ ಸ್ಥಾನ ಹೆಚ್ಚುಕಡಿಮೆ ಕದಲುವುದಿಲ್ಲ, ಹುಸಿಯಾಗಿದ್ದರೆ ಸ್ಕ್ಯಾನರ್ ಸರ್ರನೆ ಕೆಳಗಿಳಿಯುತ್ತದೆ. ಸ್ಕ್ಯಾನ್ ಗಾತ್ರವನ್ನು ಮೊದಲು ಸೊನ್ನೆಗಿಟ್ಟು ಇಳಿಸಿ, ನಿಂತ ಮೇಲೆ ಹಿಗ್ಗಿಸಿ.

ಎತ್ತಿ ಇಳಿಸುವುದನ್ನೇ ಆದಷ್ಟು ತಪ್ಪಿಸಿ. ಮೊದಲ ಜಾಗದ ಸುತ್ತಲೇ ಸ್ಕ್ಯಾನರಿನ ವ್ಯಾಪ್ತಿಯೊಳಗೆ ಸರಿಯುತ್ತ ಹೋದರೆ, ನಿಮ್ಮ ಉದ್ದೇಶಕ್ಕೆ ಸಾಕಾಗುವಷ್ಟು ಅಣುಗಳು ಸಿಗುತ್ತವೆ. ಮತ್ತು ಪ್ರೋಟೀನ್ ಸೇರಿಸುವ ದಿನ ಹರಿತ ಪ್ರೋಬನ್ನು ಶುರುವಿನಲ್ಲಿಯೇ ಡಬ್ಬಿಯಿಂದ ಹೊರತೆಗೆಯಬೇಡಿ: ಸಡಿಲವಾಗಿ ತೇಲುವ ಪ್ರೋಟೀನ್ ಮೊನೆಗೆ ಹತ್ತಿಕೊಂಡು ಮೊದಲ ಹತ್ತು ನಿಮಿಷದಲ್ಲಿಯೇ ಅದನ್ನು ಮೊಂಡಾಗಿಸುತ್ತದೆ. ಸಾಧಾರಣ ಪ್ರೋಬಿನಲ್ಲಿ ಶುರುಮಾಡಿ, ದ್ರಾವಣದ ಹದ ಸಿಕ್ಕಿದ ಮೇಲೆ ಕೊನೆಯ ನಾಲ್ಕು ಚಿತ್ರಗಳಿಗೆ ಮಾತ್ರ ಹರಿತವಾದದ್ದನ್ನು ಹಾಕಿಕೊಳ್ಳಿ.